ಬೇಡ ಅನ್ನಲು ದಾರಿ ಇರಲಿ: ಜನರನ್ನು ಸೇರಿಸಿಕೊಂಡು ಪ್ರಯೋಗ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಎಂಎಸ್ಸಿ ಓದುವಾಗ ಪ್ರಶ್ನಾವಳಿ ಹಿಡಿದುಕೊಂಡು ಒಂದು ಹೈಸ್ಕೂಲಿಗೆ ಹೋಗಿದ್ದೆ. ಮಕ್ಕಳ ನಿದ್ದೆ, ಓದು, ಪರೀಕ್ಷೆ ಭಯ, ಇಷ್ಟರ ಬಗ್ಗೆ ನಲವತ್ತು ಪ್ರಶ್ನೆ. ಹೆಡ್ ಮಾಸ್ಟರು ಒಳ್ಳೆಯವರು. "ಅದಕ್ಕೇನಂತೆ, ಈಗಲೇ ಮಾಡಿಸೋಣ" ಅಂದು ಇಡೀ ಒಂಬತ್ತನೇ ಕ್ಲಾಸನ್ನು ಹಾಲ್‌ನಲ್ಲಿ ಕೂರಿಸಿದರು. ಒಬ್ಬ ಮೇಷ್ಟ್ರು ಬಾಗಿಲಲ್ಲಿ ನಿಂತರು. ಯಾರೂ ತುಟಿ ಬಿಚ್ಚಲಿಲ್ಲ, ಅರ್ಧ ಗಂಟೆಯಲ್ಲಿ ಎಲ್ಲ ಹಾಳೆ ವಾಪಸ್ ಬಂತು. ರಾತ್ರಿ ರೂಮಿಗೆ ಬಂದು ನೋಡಿದರೆ ಎಷ್ಟೋ ಮಕ್ಕಳು ಮೊದಲಿನಿಂದ ಕೊನೆವರೆಗೆ ಒಂದೇ ಗೆರೆಯಲ್ಲಿ ‘ಹೌದು’ ಎಂದು ಟಿಕ್ ಹಾಕಿದ್ದರು. ‘ನನಗೆ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆ’ ಅನ್ನುವುದಕ್ಕೂ ಹೌದು, ‘ರಾತ್ರಿ ನಿದ್ದೆ ಬರದೆ ಒದ್ದಾಡುತ್ತೇನೆ’ ಅನ್ನುವುದಕ್ಕೂ ಹೌದು.

ಆ ಮಕ್ಕಳ ತಪ್ಪು ಒಂದು ಚೂರೂ ಇಲ್ಲ. ಅವರನ್ನು ಯಾರೂ ಕೇಳಿರಲಿಲ್ಲ. ಕೂರಿಸಿದರು, ಕೂತರು. ಬರೆಯಿರಿ ಅಂದರು, ಬರೆದರು. ಬೇಡ ಅನ್ನಲು ಆಗದವರ ಬಾಯಿಂದ ನಿಜವಾದ ಉತ್ತರವೂ ಬರುವುದಿಲ್ಲ ಅನ್ನುವುದು ನನಗೆ ಅವತ್ತು ತಿಳಿಯಿತು. ಪ್ರಯೋಗದ ನೀತಿ ಒಂದು ಕಡೆ, ಪ್ರಯೋಗದ ಗುಣಮಟ್ಟ ಇನ್ನೊಂದು ಕಡೆ ಅಂತ ಪಾಠ ಮಾಡುತ್ತಾರಲ್ಲ, ಅದನ್ನು ನಾನು ಆಮೇಲೆ ನಂಬಲಿಲ್ಲ. ಎರಡನ್ನೂ ಒಟ್ಟಿಗೇ ಕಟ್ಟಬೇಕು. ಸರಿಯಾಗಿ ಯೋಜನೆ ಮಾಡದ ಪ್ರಯೋಗಕ್ಕೆ ನೂರು ಜನರ ಒಂದೊಂದು ಗಂಟೆ ತಿನ್ನಿಸುವುದು ಕೂಡ ಅನ್ಯಾಯವೇ ಅಲ್ವಾ?

ಈ ಬರಹ ಡಿಗ್ರಿ, ಪಿಜಿ ಪ್ರಾಜೆಕ್ಟ್ ಮಾಡುವವರಿಗೆ, ಹೊಸದಾಗಿ ಪಿಎಚ್‌ಡಿಗೆ ಸೇರಿದವರಿಗೆ, ತಮ್ಮ ಶಾಲೆಯಲ್ಲಿ ಏನಾದರೂ ಪರೀಕ್ಷಿಸಿ ನೋಡಬೇಕು ಅಂದುಕೊಂಡಿರುವ ಮೇಷ್ಟ್ರುಗಳಿಗೆ. ಔಷಧದ ಟ್ರಯಲ್‌ಗಳಿಗೆ ಇದರ ಮೇಲೆ ಇನ್ನೂ ಬಹಳ ಕಾನೂನು ಇದೆ, ನಮ್ಮಲ್ಲಿ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳನ್ನು ಓದದೆ ಅತ್ತ ಕಾಲಿಡಬೇಡಿ.

ಒಂದೇ ಉದಾಹರಣೆ ಇಟ್ಟುಕೊಂಡು ಕೊನೆವರೆಗೆ ಹೋಗೋಣ. ಪಾಠವನ್ನು ಮತ್ತೆ ಮತ್ತೆ ಓದುವುದು ಒಳ್ಳೆಯದೋ, ಒಂದು ಸಲ ಓದಿ ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆಯುವುದು ಒಳ್ಳೆಯದೋ? ರೋಡಿಗರ್ ಮತ್ತು ಕಾರ್ಪಿಕ್ ಅನ್ನುವವರು ಅಮೆರಿಕದ ಕಾಲೇಜು ವಿದ್ಯಾರ್ಥಿಗಳೊಂದಿಗೆ ಇದನ್ನು ಮಾಡಿ 2006ರಲ್ಲಿ ಪ್ರಕಟಿಸಿದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತು: ಬರೆದವರಿಗೆ ಶೇ 56ರಷ್ಟು ನೆನಪಿತ್ತು, ಓದಿದವರಿಗೆ ಶೇ 42. ಕನ್ನಡ ಪಾಠ, ನಮ್ಮ ಡಿಗ್ರಿ ಕಾಲೇಜಿನ ಹುಡುಗ ಹುಡುಗಿಯರು, ಇಲ್ಲೂ ಹಾಗೇ ಆಗುತ್ತದಾ ಅನ್ನುವುದು ನಮ್ಮ ಪ್ರಶ್ನೆ.

ಹೆಜ್ಜೆ 1: ಪ್ರಶ್ನೆಯನ್ನು ಒಂದೇ ವಾಕ್ಯಕ್ಕೆ ಇಳಿಸಿ

‘ಓದುವ ವಿಧಾನ ನೆನಪಿನ ಮೇಲೆ ಬೀರುವ ಪರಿಣಾಮ’ ಅನ್ನುವುದು ಪ್ರಶ್ನೆಯಲ್ಲ, ಅದು ಹೆಡಿಂಗ್. ಪ್ರಶ್ನೆ ಅಂದರೆ ಹೀಗಿರಬೇಕು: ‘ಸುಮಾರು 300 ಪದದ ಕನ್ನಡ ಪಾಠವನ್ನು ಎರಡು ಸಲ ಓದಿದವರಿಗಿಂತ, ಒಂದು ಸಲ ಓದಿ ಒಂದು ಸಲ ನೆನಪಿನಿಂದ ಬರೆದವರಿಗೆ, ಏಳು ದಿನದ ನಂತರ ಹೆಚ್ಚು ಅಂಶಗಳು ನೆನಪಿರುತ್ತವೆಯೇ?’ ಯಾರು, ಏನು ಮಾಡುತ್ತಾರೆ, ಯಾರ ಜೊತೆ ಹೋಲಿಕೆ, ಏನನ್ನು ಅಳೆಯುತ್ತೇವೆ, ಯಾವಾಗ. ಇವು ಐದೂ ಅದರಲ್ಲಿ ಬರಬೇಕು. ಬರದಿದ್ದರೆ ಮುಂದಿನ ಹೆಜ್ಜೆಗೆ ಹೋಗಬೇಡಿ.

ಈ ಪ್ರಶ್ನೆಗೆ ಉತ್ತರ ಈಗಾಗಲೇ ಇದೆಯಾ ಅಂತಲೂ ಹುಡುಕಿ. ಗೊತ್ತಿರುವುದನ್ನೇ ಸುಮ್ನೆ ಮತ್ತೆ ಕೇಳಲು ಜನರನ್ನು ಕರೆಯಬಾರದು. ಬೇರೆ ಭಾಷೆ, ಬೇರೆ ಊರು, ಬೇರೆ ವಯಸ್ಸಿನವರಲ್ಲಿ ಅದು ನಿಲ್ಲುತ್ತದಾ ಅಂತ ನೋಡುವುದು ಮಾತ್ರ ನಿಜವಾಗಿಯೂ ಬೇಕಾದ ಕೆಲಸ, ಯಾಕೆಂದರೆ ಮನಶ್ಶಾಸ್ತ್ರದ ಪ್ರಯೋಗಗಳಲ್ಲಿ ಬಹುಪಾಲು ಅಮೆರಿಕ, ಯುರೋಪಿನ ಕಾಲೇಜು ವಿದ್ಯಾರ್ಥಿಗಳ ಮೇಲೇ ನಡೆದಿವೆ.

ಹೆಜ್ಜೆ 2: ಹೋಲಿಕೆಗೆ ಒಂದು ಗುಂಪು, ಅದಕ್ಕೂ ಅಷ್ಟೇ ಸಮಯ

1747ರಲ್ಲಿ ಜೇಮ್ಸ್ ಲಿಂಡ್ ಅನ್ನುವ ಹಡಗಿನ ವೈದ್ಯ ಸ್ಕರ್ವಿ ಅನ್ನುವ ಕಾಯಿಲೆ ಬಂದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದ. ಎಲ್ಲರಿಗೂ ಒಂದೇ ಊಟ. ಅದರ ಮೇಲೆ ಒಂದೊಂದು ಜೋಡಿಗೆ ಒಂದೊಂದು ಮದ್ದು. ಕಿತ್ತಳೆ, ನಿಂಬೆ ತಿಂದ ಜೋಡಿ ಬೇಗ ಚೇತರಿಸಿಕೊಂಡಿತು. ಉಳಿದ ಹತ್ತು ಜನ ಪಕ್ಕದಲ್ಲಿ ಇರದಿದ್ದರೆ, ಹಣ್ಣಿನಿಂದ ಗುಣವಾಯಿತೋ ತಾನಾಗೇ ಗುಣವಾಯಿತೋ ಯಾರಿಗೂ ಹೇಳಲು ಆಗುತ್ತಿರಲಿಲ್ಲ.

ನಮ್ಮ ಪ್ರಯೋಗದಲ್ಲಿ ತುಂಬ ಜನ ಮಾಡುವ ತಪ್ಪು ಸಮಯದ್ದು. ಒಂದು ಗುಂಪು ಏಳು ನಿಮಿಷ ಓದಿ ಎದ್ದು ಹೋಗುತ್ತದೆ, ಇನ್ನೊಂದು ಏಳು ನಿಮಿಷ ಓದಿ ಮತ್ತೆ ಏಳು ನಿಮಿಷ ಬರೆಯುತ್ತದೆ. ಆಗ ಗೆದ್ದದ್ದು ಬರೆಯುವುದೋ, ಹೆಚ್ಚಿನ ಏಳು ನಿಮಿಷವೋ? ಇಬ್ಬರಿಗೂ ಹದಿನಾಲ್ಕು ನಿಮಿಷ ಕೊಡಿ. ಒಂದೇ ರೂಮು, ಒಂದೇ ಹೊತ್ತು, ಒಂದೇ ಸೂಚನೆ, ಓದಿ ಹೇಳುವವರೂ ಒಬ್ಬರೇ. ನೀವು ಬದಲಾಯಿಸಬೇಕಾದದ್ದು ಒಂದನ್ನು ಮಾತ್ರ.

ಹೆಜ್ಜೆ 3: ಯಾರು ಯಾವ ಗುಂಪಿಗೆ? ಚೀಟಿ ಎತ್ತಿ

ಮುಂದಿನ ಬೆಂಚಿನವರು ಒಂದು ಗುಂಪು, ಹಿಂದಿನ ಬೆಂಚಿನವರು ಇನ್ನೊಂದು ಅಂತ ಮಾಡಿದರೆ ಪ್ರಯೋಗ ಅಲ್ಲೇ ಮುಗಿಯಿತು. ಮೊದಲು ಬಂದವರು ಒಂದು ಕಡೆ, ತಡವಾಗಿ ಬಂದವರು ಇನ್ನೊಂದು ಕಡೆ ಅನ್ನುವುದೂ ಹಾಗೇ. ಎ ಸೆಕ್ಷನ್‌ಗೆ ಒಂದು ವಿಧಾನ, ಬಿ ಸೆಕ್ಷನ್‌ಗೆ ಇನ್ನೊಂದು ಅನ್ನುವುದು ನಮ್ಮಲ್ಲಿ ತುಂಬ ನಡೆಯುತ್ತದೆ. ಅಲ್ಲಿ 120 ಮಕ್ಕಳಿದ್ದರೂ ನಿಜವಾಗಿ ನಿಮ್ಮ ಹತ್ತಿರ ಇರುವುದು ಎರಡೇ ಸೆಕ್ಷನ್ನು. ಎ ಸೆಕ್ಷನ್ ಮೇಷ್ಟ್ರು ಚೆನ್ನಾಗಿ ಪಾಠ ಮಾಡುತ್ತಾರೆ ಅನ್ನುವ ಒಂದೇ ಕಾರಣಕ್ಕೆ ಫಲಿತಾಂಶ ಬಂದಿರಬಹುದು.

ಚೀಟಿ ಎತ್ತುವುದು ನಮಗೆ ಗೊತ್ತಿರುವ ವಿದ್ಯೆಯೇ. ಚೀಟಿ ಫಂಡಿನಲ್ಲಿ ಯಾಕೆ ಎಲ್ಲರ ಮುಂದೆ ಎತ್ತುತ್ತಾರೆ? ಯಾರ ಕೈವಾಡವೂ ಇರಬಾರದು ಅಂತ. ಇಲ್ಲೂ ಅದೇ ಕಾರಣ. ಎಂಟು ಚೀಟಿ ಮಾಡಿ, ನಾಲ್ಕರಲ್ಲಿ ‘ಓದು’, ನಾಲ್ಕರಲ್ಲಿ ‘ಬರೆ’. ಎಂಟು ಜನರಿಗೆ ಒಂದು ಸುತ್ತು ಮುಗಿದ ಮೇಲೆ ಇನ್ನೊಂದು ಎಂಟು. ಹೀಗೆ ಮಾಡಿದರೆ ಎರಡೂ ಗುಂಪು ಸಮವಾಗಿ ಬೆಳೆಯುತ್ತವೆ. ಬೇಕಿದ್ದರೆ ಎಕ್ಸೆಲ್‌ನಲ್ಲಿ ರ‍್ಯಾಂಡಮ್ ನಂಬರ್ ಹಾಕಿ ಪಟ್ಟಿ ಮಾಡಿಕೊಳ್ಳಿ.

ಆದರೆ ಪಟ್ಟಿ ಮಾಡಿದವರೇ ಜನರನ್ನು ಸೇರಿಸಿಕೊಳ್ಳಬಾರದು. ಮುಂದಿನ ಚೀಟಿ ‘ಬರೆ’ ಅಂತ ಗೊತ್ತಿದ್ದರೆ, ಚುರುಕಾಗಿ ಕಾಣುವ ಹುಡುಗಿ ಬಾಗಿಲಲ್ಲಿ ನಿಂತಾಗ ಮನಸ್ಸು ತನಗೆ ಗೊತ್ತಿಲ್ಲದೆಯೇ ಆಟ ಆಡುತ್ತದೆ. 1948ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ, ಸ್ಟ್ರೆಪ್ಟೊಮೈಸಿನ್ ಅನ್ನುವ ಕ್ಷಯದ ಔಷಧದ ಪರೀಕ್ಷೆಯಲ್ಲಿ ಬ್ರಾಡ್‌ಫೋರ್ಡ್ ಹಿಲ್ ಅನ್ನುವ ಸಂಖ್ಯಾಶಾಸ್ತ್ರಜ್ಞರು ಈ ಕಾರಣಕ್ಕೇ ಗುಂಪಿನ ಹೆಸರನ್ನು ಅಂಟಿಸಿದ ಲಕೋಟೆಯೊಳಗೆ ಇಡಿಸಿದರು. ಕ್ಷಯ ಇದ್ದ 107 ಜನ. ಔಷಧ ಸಿಕ್ಕ 55 ಜನರಲ್ಲಿ ಆರು ತಿಂಗಳಲ್ಲಿ ನಾಲ್ವರು ತೀರಿಕೊಂಡರು, ಸಿಗದ 52 ಜನರಲ್ಲಿ 14 ಮಂದಿ. ಆಗ ಔಷಧವೇ ಎಲ್ಲರಿಗೂ ಸಾಲುವಷ್ಟು ಇರಲಿಲ್ಲ, ಆದ್ದರಿಂದ ಚೀಟಿ ಎತ್ತುವುದೇ ನ್ಯಾಯದ ದಾರಿಯೂ ಆಗಿತ್ತು. ಒಳ್ಳೆಯ ಡಿಸೈನೂ ನ್ಯಾಯವೂ ಒಂದೇ ಲಕೋಟೆಯಲ್ಲಿ ಕೂತ ಉದಾಹರಣೆ ಅದು, ನಾನು ಪಾಠ ಮಾಡುವಾಗಲೆಲ್ಲ ಹೇಳುತ್ತೇನೆ.

ಹೆಜ್ಜೆ 4: ಎಷ್ಟು ಜನ ಬೇಕು

‘ಮೂವತ್ತು ಜನ ಸಾಕು’ ಅನ್ನುವ ಮಾತು ಎಲ್ಲಿಂದ ಬಂತೋ, ಪ್ರತಿ ಕಾಲೇಜಿನಲ್ಲೂ ಇದೆ. ಎಷ್ಟು ಜನ ಬೇಕು ಅನ್ನುವುದು ನೀವು ಎಷ್ಟು ದೊಡ್ಡ ವ್ಯತ್ಯಾಸ ಹುಡುಕುತ್ತಿದ್ದೀರಿ ಅನ್ನುವುದರ ಮೇಲಿದೆ. ಅಂಕಗಳು ಸರಾಸರಿಯಿಂದ ಆಚೀಚೆ ಹರಡಿರುವ ಅಳತೆ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, 8 ಅಂಕ ಇದೆ ಅಂದುಕೊಳ್ಳಿ. ಅದರ ಅರ್ಧದಷ್ಟು, ಅಂದರೆ 4 ಅಂಕದ ವ್ಯತ್ಯಾಸ ಇದ್ದರೆ ಅದು ಶೇ 80 ಸಲ ನಿಮ್ಮ ಕಣ್ಣಿಗೆ ಬೀಳಬೇಕು ಅಂದರೆ ಪ್ರತಿ ಗುಂಪಿಗೆ 64 ಜನ ಬೇಕು. ವ್ಯತ್ಯಾಸ ತುಂಬ ದೊಡ್ಡದು, 6.4 ಅಂಕ ಅಂತಿದ್ದರೆ 26 ಜನ ಸಾಕು. 1.6 ಅಂಕದ ಸಣ್ಣ ವ್ಯತ್ಯಾಸ ಆದರೆ ಗುಂಪಿಗೆ ಸುಮಾರು 400. ಈ ಲೆಕ್ಕವನ್ನು ಜಿ*ಪವರ್ ಅನ್ನುವ ಉಚಿತ ಸಾಫ್ಟ್‌ವೇರ್ ಮಾಡಿಕೊಡುತ್ತದೆ.

ನಮ್ಮ ಉದಾಹರಣೆಗೆ 64ರಂತೆ ಎರಡು ಗುಂಪು, ಒಟ್ಟು 128. ಒಂದು ವಾರ ಬಿಟ್ಟು ಮತ್ತೆ ಬರಬೇಕು, ನೂರಕ್ಕೆ ಹದಿನೈದು ಜನ ಬರುವುದಿಲ್ಲ ಅಂತ ಇಟ್ಟುಕೊಂಡರೆ 151. ಎಂಟರ ಸುತ್ತಿಗೆ ಸರಿಹೊಂದಲು 152, ಹತ್ತೊಂಬತ್ತು ಸುತ್ತು ಚೀಟಿ.

ಅಷ್ಟು ಜನ ಸಿಗುವುದಿಲ್ಲ ಅಂತಾದರೆ ಪ್ರಶ್ನೆಯನ್ನು ಬದಲಾಯಿಸಿ, ಇಲ್ಲವೇ ಬೇರೆ ಕಾಲೇಜಿನವರ ಜೊತೆ ಸೇರಿಕೊಂಡು ಮಾಡಿ. ಹತ್ತು ಹತ್ತು ಜನರ ಎರಡು ಗುಂಪಿಟ್ಟುಕೊಂಡು ಸಣ್ಣ ವ್ಯತ್ಯಾಸ ಹುಡುಕಿದರೆ ಏನೂ ಸಿಗುವುದಿಲ್ಲ, ಸಿಕ್ಕರೂ ನಂಬಲು ಆಗುವುದಿಲ್ಲ.

ಹೆಜ್ಜೆ 5: ಅಳತೆಗೋಲನ್ನು ಮೊದಲು ಪರೀಕ್ಷಿಸಿ

ಪಾಠವನ್ನು ಮೂವತ್ತು ಅಂಶಗಳಾಗಿ ಒಡೆದು ಪಟ್ಟಿ ಮಾಡಿ. ಒಂದು ಅಂಶ ಬರೆದಿದ್ದರೆ ಒಂದು ಅಂಕ. ಅರ್ಧ ಬರೆದರೆ? ಬೇರೆ ಪದ ಬಳಸಿದರೆ? ಕಾಗುಣಿತ ತಪ್ಪಿದರೆ? ಇದೆಲ್ಲ ಮೊದಲೇ ಬರೆದಿಡಬೇಕು. ಇಬ್ಬರು ಬೇರೆ ಬೇರೆ ಕೂತು ಅದೇ ಇಪ್ಪತ್ತು ಹಾಳೆ ತಿದ್ದಲಿ, ಅಂಕ ಎಷ್ಟು ಹೊಂದುತ್ತದೆ ನೋಡಿ. ಹೊಂದದಿದ್ದರೆ ನಿಯಮ ಸ್ಪಷ್ಟವಾಗಿಲ್ಲ ಅಂತ ಅರ್ಥ.

ಪ್ರಶ್ನಾವಳಿ ಬಳಸುವವರಿಗೆ ಒಂದು ಮಾತು. ಇಂಗ್ಲಿಷ್ ಪ್ರಶ್ನಾವಳಿಗಳನ್ನು ಪದಕ್ಕೆ ಪದ ಇಟ್ಟು ಕನ್ನಡಕ್ಕೆ ತರಬೇಡಿ. ‘ಹೊಟ್ಟೆಯಲ್ಲಿ ಚಿಟ್ಟೆ ಹಾರಾಡಿದಂತೆ ಆಗುತ್ತದೆಯೇ’ ಅಂತ ಕೇಳಿದರೆ ನಮ್ಮ ಹುಡುಗರು ನಗುತ್ತಾರೆ. ನಮ್ಮಲ್ಲಿ ಎದೆ ಡವಡವ ಅನ್ನುತ್ತದೆ, ಕೈಕಾಲು ಆಡುವುದಿಲ್ಲ. ಒಬ್ಬರು ಕನ್ನಡಕ್ಕೆ ತರಲಿ, ಮೂಲ ನೋಡದ ಇನ್ನೊಬ್ಬರು ಅದನ್ನು ವಾಪಸ್ ಇಂಗ್ಲಿಷಿಗೆ ತರಲಿ, ಎರಡನ್ನೂ ಪಕ್ಕ ಇಟ್ಟು ನೋಡಿ. ಆಮೇಲೆ ಯಾರಿಗಾಗಿ ಬರೆದಿದ್ದೀರೋ ಅವರಲ್ಲೇ ಐದಾರು ಜನರಿಗೆ ಓದಿಸಿ ‘ನಿಮಗೆ ಏನು ಅರ್ಥ ಆಯಿತು’ ಅಂತ ಕೇಳಿ. ಧಾರವಾಡದಲ್ಲಿ ಸಹಜವಾದ ಮಾತು ಮೈಸೂರಿನಲ್ಲಿ ಬೇರೆ ಥರ ಕೇಳಿಸಬಹುದು. ಮನೆಯಲ್ಲಿ ತುಳು, ಲಂಬಾಣಿ, ದಖನಿ ಉರ್ದು ಮಾತಾಡುವವರಿಗೆ ಪುಸ್ತಕದ ಕನ್ನಡ ಇನ್ನೊಂದು ಭಾಷೆಯ ಹಾಗೇ ಇರುತ್ತದೆ.

ಹೆಜ್ಜೆ 6: ತಿದ್ದುವವರಿಗೆ ಗುಂಪು ಗೊತ್ತಾಗಬಾರದು

ಬರ್ಲಿನ್ನಿನಲ್ಲಿ ಹಾನ್ಸ್ ಅನ್ನುವ ಕುದುರೆ ಇತ್ತು, ಲೆಕ್ಕ ಮಾಡುತ್ತದೆ ಅಂತ ಹೆಸರು ಮಾಡಿತ್ತು. ಗೊರಸಿನಿಂದ ನೆಲ ತಟ್ಟಿ ಉತ್ತರ ಹೇಳುತ್ತಿತ್ತು. 1907ರಲ್ಲಿ ಆಸ್ಕರ್ ಫುಂಗ್‌ಸ್ಟ್ ಪರೀಕ್ಷಿಸಿ ಏನು ಕಂಡುಕೊಂಡರೆಂದರೆ, ಪ್ರಶ್ನೆ ಕೇಳುವವರಿಗೇ ಉತ್ತರ ಗೊತ್ತಿಲ್ಲದಿದ್ದಾಗ ಕುದುರೆಗೂ ಗೊತ್ತಾಗುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದಾಗ ಕೇಳುವವರ ತಲೆ, ಮುಖ ಒಂದು ಚೂರು ಅಲುಗಾಡುತ್ತಿತ್ತು, ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿತ್ತು. ಯಾರೂ ಮೋಸ ಮಾಡುತ್ತಿರಲಿಲ್ಲ. ಕುದುರೆಗೇ ನಮ್ಮ ಮುಖ ಓದಲು ಬರುತ್ತದೆ ಅಂದಮೇಲೆ ಹತ್ತೊಂಬತ್ತು ವರ್ಷದ ಹುಡುಗನಿಗೆ ಬರುವುದಿಲ್ಲವೇ?

ಸೂಚನೆಯನ್ನು ಬರೆದುಕೊಂಡು ಎಲ್ಲರಿಗೂ ಒಂದೇ ಥರ ಓದಿ, ಅಥವಾ ರೆಕಾರ್ಡ್ ಮಾಡಿ ಕೇಳಿಸಿ. ಹಾಳೆಯ ಮೇಲೆ ಹೆಸರು, ಗುಂಪು ಯಾವುದೂ ಬೇಡ, ಕೋಡ್ ನಂಬರ್ ಮಾತ್ರ. ಎರಡೂ ಗುಂಪಿನ ಹಾಳೆ ಬೆರೆಸಿ ತಿದ್ದಲು ಕೊಡಿ. ಯಾರು ಓದಿದ್ದು ಯಾರು ಬರೆದದ್ದು ಅಂತ ಭಾಗವಹಿಸುವವರಿಂದ ಮುಚ್ಚಿಡಲು ನಮ್ಮ ಪ್ರಯೋಗದಲ್ಲಿ ಆಗುವುದಿಲ್ಲ, ಆದರೆ ನಿಮಗೆ ಯಾವುದು ಗೆಲ್ಲಬೇಕು ಅಂತಿದೆ ಅನ್ನುವುದನ್ನು ಹೇಳದೆ ಇರಬಹುದು.

ಹೆಜ್ಜೆ 7: ಎಥಿಕ್ಸ್ ಕಮಿಟಿ

ಜನರನ್ನು ಸೇರಿಸಿಕೊಂಡು ಮಾಡುವ ಪ್ರಯೋಗವನ್ನು ಶುರುವಾಗುವ ಮೊದಲೇ ಪರಿಶೀಲಿಸಿ ಒಪ್ಪಿಗೆ ಕೊಡುವ ಸಮಿತಿ ಇದು. ಇದನ್ನು ಸುಮ್ನೆ ಒಂದು ಸೀಲಿಗೆ ಅಲೆಯುವುದು ಅಂತ ನೋಡುವವರು ಜಾಸ್ತಿ. ಇದು ಯಾಕೆ ಹುಟ್ಟಿತು ಅಂತ ತಿಳಿದರೆ ಹಾಗೆ ಅನ್ನಿಸುವುದಿಲ್ಲ. ನಾಜಿ ಶಿಬಿರಗಳಲ್ಲಿ ಕೈದಿಗಳ ಮೇಲೆ ವೈದ್ಯರು ಮಾಡಿದ ಕ್ರೌರ್ಯದ ವಿಚಾರಣೆಯಿಂದ 1947ರಲ್ಲಿ ನ್ಯೂರೆಂಬರ್ಗ್ ಸಂಹಿತೆ ಬಂತು. ಅದರ ಹತ್ತು ಅಂಶಗಳಲ್ಲಿ ಮೊದಲನೆಯದೇ ವ್ಯಕ್ತಿಯ ಸ್ವಇಚ್ಛೆಯ ಒಪ್ಪಿಗೆ. 1964ರಲ್ಲಿ ವೈದ್ಯಕೀಯ ಸಂಶೋಧನೆಯ ನೀತಿ ಹೇಳುವ ಹೆಲ್ಸಿಂಕಿ ಘೋಷಣೆ ಬಂತು. ಆದರೂ ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ, ನಲವತ್ತು ವರ್ಷ, ಸಿಫಿಲಿಸ್ ಇದ್ದ 399 ಬಡ ಕಪ್ಪು ಗಂಡಸರನ್ನು ಚಿಕಿತ್ಸೆ ಕೊಡದೆ ನೋಡುತ್ತಾ ಕೂತರು. ನಡುವೆ ಅದನ್ನು ಗುಣಪಡಿಸುವ ಪೆನಿಸಿಲಿನ್ ಬಂತು, ಅದನ್ನೂ ಕೊಡಲಿಲ್ಲ. ನಿಮಗೇನು ಕಾಯಿಲೆ ಅಂತ ಅವರಿಗೆ ಹೇಳಿರಲೂ ಇಲ್ಲ, ‘ಕೆಟ್ಟ ರಕ್ತ’ ಅಂದಿದ್ದರು ಅಷ್ಟೇ. ಇದನ್ನು ಮಾಡಿದ್ದು ಯಾವುದೋ ಗುಪ್ತ ಸಂಸ್ಥೆಯಲ್ಲ, ಸರ್ಕಾರದ ಆರೋಗ್ಯ ಇಲಾಖೆ.

ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, ಅಂದರೆ ಐಸಿಎಂಆರ್‌ನ 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿ ಇದೆ. ಸಾಮಾಜಿಕ ಮತ್ತು ವರ್ತನೆಯ ಸಂಶೋಧನೆಗೂ ಅದರಲ್ಲಿ ಒಂದು ಭಾಗ ಇದೆ. ಕಮಿಟಿಯಲ್ಲಿ 7ರಿಂದ 15 ಜನ ಇರಬೇಕು, ಅರ್ಧಕ್ಕೆ ಕಡಿಮೆ ಇಲ್ಲದಷ್ಟು ಜನ ಸಂಸ್ಥೆಯ ಹೊರಗಿನವರು, ಅಧ್ಯಕ್ಷರೂ ಹೊರಗಿನವರೇ. ಕಾನೂನು ಬಲ್ಲವರು, ಸಮಾಜ ವಿಜ್ಞಾನದವರು, ಸಾಮಾನ್ಯ ಜನರ ಪರವಾಗಿ ಒಬ್ಬರು ಇರಬೇಕು. ನಮ್ಮ ಓದುವ, ಬರೆಯುವ ಪ್ರಯೋಗದಲ್ಲಿ ಅಪಾಯ ತೀರಾ ಕಡಿಮೆ, ಬೇಗ ಪರಿಶೀಲನೆ ಆಗಬಹುದು. ಆದರೆ ‘ನಮ್ಮದರಲ್ಲಿ ಏನೂ ಅಪಾಯ ಇಲ್ಲ’ ಅಂತ ತೀರ್ಮಾನಿಸುವುದು ನಿಮ್ಮ ಕೆಲಸವಲ್ಲ, ಅವರದು. ನಿಮ್ಮ ಕಾಲೇಜಿನಲ್ಲಿ ಕಮಿಟಿ ಇಲ್ಲದಿದ್ದರೆ ಹತ್ತಿರದ ಬೇರೆ ಸಂಸ್ಥೆಯ ಕಮಿಟಿಯ ಮುಂದೆ ಇಡಲು ಅವಕಾಶ ಇದೆಯಾ ಅಂತ ನಿಮ್ಮ ಗೈಡ್ ಮೂಲಕ ವಿಚಾರಿಸಿ. ಕಮಿಟಿಯ ಒಪ್ಪಿಗೆ ಕೈಗೆ ಬರುವವರೆಗೆ ಒಬ್ಬರಿಂದಲೂ ಡೇಟಾ ತೆಗೆದುಕೊಳ್ಳಬೇಡಿ, ಪೈಲಟ್‌ಗೂ, ಅಂದರೆ ಮೊದಲು ಮಾಡುವ ಸಣ್ಣ ತಾಲೀಮಿಗೂ ಕೂಡ.

ಹೆಜ್ಜೆ 8: ಒಪ್ಪಿಗೆ

ಇಲ್ಲಿ ನಿಧಾನಿಸೋಣ. ಒಪ್ಪಿಗೆ ಪತ್ರ ಕೈಗೆ ಕೊಟ್ಟ ತಕ್ಷಣ ನಮ್ಮ ಜನ ಕೇಳುವ ಮೊದಲ ಪ್ರಶ್ನೆ ‘ಎಲ್ಲಿ ಸಹಿ ಹಾಕ್ಬೇಕು?’ ಓದಿರುವುದಿಲ್ಲ. ರೇಷನ್ ಕಾರ್ಡಿಗೆ, ಬ್ಯಾಂಕಿಗೆ, ಆಸ್ಪತ್ರೆಗೆ ಸಹಿ ಹಾಕಿ ಹಾಕಿ, ಕಾಗದ ಅಂದರೆ ಸಹಿ ಹಾಕುವುದು ಅಂತ ರೂಢಿಯಾಗಿಬಿಟ್ಟಿದೆ. ಹಾಗಾಗಿ ಸಹಿ ಬಂತು ಅಂದಮಾತ್ರಕ್ಕೆ ಒಪ್ಪಿಗೆ ಬಂತು ಅಂತ ಅಲ್ಲ.

ನಾವು ಬರೆಯುವ ಪತ್ರವಾದರೂ ಹೇಗಿರುತ್ತದೆ? ‘ಸದರಿ ಅಧ್ಯಯನದಲ್ಲಿ ಸಹಭಾಗಿತ್ವವು ಸಂಪೂರ್ಣವಾಗಿ ಸ್ವಯಂಪ್ರೇರಿತವಾಗಿದ್ದು, ಸಹಭಾಗಿಯು ಯಾವುದೇ ಹಂತದಲ್ಲಿ ಕಾರಣ ನೀಡದೆ ಹಿಂದೆಗೆಯುವ ಹಕ್ಕನ್ನು ಹೊಂದಿರುತ್ತಾರೆ.’ ಇದನ್ನು ಯಾರು ಓದುತ್ತಾರೆ? ಹೀಗೆ ಬರೆಯಿರಿ:

‘ನೀವು ಇದರಲ್ಲಿ ಸೇರಲೇಬೇಕು ಅಂತೇನಿಲ್ಲ. ಸೇರಿದ ಮೇಲೂ ಯಾವಾಗ ಬೇಕಾದರೂ ಎದ್ದು ಹೋಗಬಹುದು, ಯಾಕೆ ಅಂತ ಯಾರೂ ಕೇಳುವುದಿಲ್ಲ. ಸೇರದಿದ್ದರೆ ನಿಮ್ಮ ಇಂಟರ್ನಲ್ ಮಾರ್ಕ್ಸ್, ಹಾಜರಿ ಯಾವುದಕ್ಕೂ ತೊಂದರೆ ಇಲ್ಲ. ಇವತ್ತು 45 ನಿಮಿಷ, ಮುಂದಿನ ವಾರ 20 ನಿಮಿಷ ಬೇಕಾಗುತ್ತದೆ. ಒಂದು ಪಾಠ ಓದಬೇಕು, ನೆನಪಿದ್ದದ್ದನ್ನು ಬರೆಯಬೇಕು. ನೀವು ಯಾವ ಗುಂಪು ಅನ್ನುವುದು ಚೀಟಿಯಲ್ಲಿ ಬರುತ್ತದೆ. ಇದರಿಂದ ನಿಮಗೆ ನೇರವಾಗಿ ಲಾಭ ಇಲ್ಲ. ಸ್ವಲ್ಪ ಬೇಸರ, ಆಯಾಸ ಆಗಬಹುದು. ನಿಮ್ಮ ಹಾಳೆಯ ಮೇಲೆ ಹೆಸರು ಇರುವುದಿಲ್ಲ. ನಿಮ್ಮ ಮೇಷ್ಟ್ರಿಗೆ ನಿಮ್ಮ ಅಂಕ ತೋರಿಸುವುದಿಲ್ಲ.’

ಇದರ ಜೊತೆಗೆ ನಿಮ್ಮ ಫೋನ್ ನಂಬರು, ಎಥಿಕ್ಸ್ ಕಮಿಟಿಯ ಸಂಪರ್ಕ, ಡೇಟಾ ಎಷ್ಟು ಕಾಲ ಇರುತ್ತದೆ, ಎಲ್ಲಿ ಇರುತ್ತದೆ. ಒಂದು ಪ್ರತಿ ಅವರ ಕೈಯಲ್ಲೇ ಬಿಡಿ. ಪತ್ರ ಓದಿಸಿದ ಮೇಲೆ ‘ಅರ್ಥ ಆಯ್ತಾ’ ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ‘ನಡುವೆ ಬೇಡ ಅನಿಸಿದರೆ ಏನು ಮಾಡುತ್ತೀರಿ?’ ಅಂತ ಕೇಳಿ. ಅವರ ಬಾಯಲ್ಲಿ ‘ಎದ್ದು ಹೋಗ್ತೀನಿ’ ಅಂತ ಬಂದರೆ ಅರ್ಥ ಆಗಿದೆ. ಓದಲು ಬಾರದವರ ಎದುರು, ನಿಮ್ಮ ತಂಡಕ್ಕೆ ಸೇರದ ಒಬ್ಬ ಸಾಕ್ಷಿಯನ್ನು ಕೂರಿಸಿ ಪತ್ರವನ್ನು ಪೂರ್ತಿ ಓದಿ ಹೇಳಿ. ಆಮೇಲೆ ಹೆಬ್ಬೆಟ್ಟು, ಸಾಕ್ಷಿಯ ಸಹಿ.

ಈಗ ಕಷ್ಟದ ಮಾತು. ನೀವು ಪಾಠ ಮಾಡುವ ಕ್ಲಾಸಿನವರನ್ನೇ ನೀವು ಕೇಳಬೇಡಿ. ನೀವು ಎಷ್ಟೇ ಮೆತ್ತಗೆ ಕೇಳಿದರೂ ‘ಸಾರ್ ಕೇಳಿದ್ದಾರೆ’ ಅನ್ನುವುದು ಅವರ ತಲೆಯಲ್ಲಿ ಇರುತ್ತದೆ. ಅಂಕ ಹಾಕುವ ಕೈಯೇ ಒಪ್ಪಿಗೆ ಕೇಳುವ ಕೈ ಆಗಬಾರದು. ಬೇರೆ ವಿಭಾಗದವರಿಂದ ಕೇಳಿಸಿ, ಯಾರು ಸೇರಿದರು ಯಾರು ಸೇರಲಿಲ್ಲ ಅನ್ನುವ ಪಟ್ಟಿ ನಿಮ್ಮ ಕೈಗೆ ಬರದ ಹಾಗೆ ಮಾಡಿ. ಒಂದು ದಿನ ಯೋಚಿಸಲು ಬಿಡಿ. ಹಳ್ಳಿಯಲ್ಲಾದರೆ ಪಂಚಾಯ್ತಿ ಸದಸ್ಯರು, ಆಶಾ ಕಾರ್ಯಕರ್ತೆ, ಸಂಘದ ಅಧ್ಯಕ್ಷೆ ಪಕ್ಕದಲ್ಲಿ ನಿಂತಿದ್ದರೆ ಯಾವ ಹೆಂಗಸು ಬೇಡ ಅನ್ನುತ್ತಾಳೆ? ಅವರ ಪರವಾನಗಿ ಊರೊಳಗೆ ಹೋಗಲು ಬೇಕು. ಆದರೆ ಅದು ಮನೆಯೊಳಗಿನ ಒಬ್ಬೊಬ್ಬರ ಒಪ್ಪಿಗೆ ಅಲ್ಲ.

ಮಕ್ಕಳ ವಿಷಯದಲ್ಲಿ ಇದು ಇನ್ನೂ ಗಟ್ಟಿ. 18ರ ಒಳಗಿನವರಿಗೆ ತಂದೆ ತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕು, ಅದರ ಮೇಲೆ ಮಗುವಿನ ಸಮ್ಮತಿಯೂ ಬೇಕು. ಐಸಿಎಂಆರ್ ಪ್ರಕಾರ 7ರಿಂದ 12 ವರ್ಷದವರದು ಬಾಯಿಮಾತಿನಲ್ಲಿ, 12 ದಾಟಿದವರದು ಬರವಣಿಗೆಯಲ್ಲಿ. ಅಪ್ಪ ಹೂಂ ಅಂದು ಮಗು ಬೇಡ ಅಂದರೆ, ಬೇಡ. 2009-10ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಕೊಡುವ ಅಧ್ಯಯನ ನಡೆಯಿತು. ಖಮ್ಮಂನಲ್ಲಿ ಎಷ್ಟೋ ಮಕ್ಕಳ ಒಪ್ಪಿಗೆ ಪತ್ರಕ್ಕೆ ಅಪ್ಪ ಅಮ್ಮನ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. ಕೆಲವು ಮಕ್ಕಳು ತೀರಿಕೊಂಡಾಗ ದೊಡ್ಡ ಗಲಾಟೆಯಾಗಿ 2010ರ ಏಪ್ರಿಲ್‌ನಲ್ಲಿ ಅದು ನಿಂತಿತು. ಸಾವುಗಳಿಗೆ ಲಸಿಕೆ ಕಾರಣ ಅಂತ ತನಿಖೆಯಲ್ಲಿ ಕಾಣಲಿಲ್ಲ. ಆದರೆ ಒಪ್ಪಿಗೆ ಪಡೆದ ರೀತಿಯನ್ನು 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿ ಖಂಡಿಸಿತು. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಒಳ್ಳೆಯ ಲಸಿಕೆಯ ಮೇಲೆ ಜನರಿಗೆ ಅನುಮಾನ ಬೀಳಲು ಅಷ್ಟು ಸಾಕಾಯಿತು. ಆ ಸಹಿಗಳ ಬಗ್ಗೆ ಯೋಚಿಸಿದರೆ ನನಗೆ ಈಗಲೂ ಸಂಕಟ ಆಗುತ್ತದೆ.

ಹಣದ ಬಗ್ಗೆ: ಬಸ್ ಚಾರ್ಜು, ಕೂಲಿ ಬಿಟ್ಟು ಬಂದಿದ್ದರೆ ಆ ದಿನದ ಕೂಲಿ, ಚಹಾ ತಿಂಡಿ ಕೊಡಲೇಬೇಕು. ಆದರೆ ಹಣಕ್ಕಾಗಿ ತಮಗೆ ಇಷ್ಟವಿಲ್ಲದ್ದನ್ನೂ ಒಪ್ಪಿಕೊಳ್ಳುವಷ್ಟು ಕೊಡಬಾರದು. ನಡುವೆ ಎದ್ದು ಹೋದವರಿಗೂ ಅವರು ಬಂದಷ್ಟಕ್ಕೆ ಕೊಡಿ.

ಹೆಜ್ಜೆ 9: ನಿಲ್ಲಿಸುವ ನಿಯಮ ಮೊದಲೇ ಬರೆಯಿರಿ

ಮಿಲ್‌ಗ್ರಾಮ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ 1963ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಾವು ಸ್ವಿಚ್ ಒತ್ತಿದಾಗ ಇನ್ನೊಬ್ಬನಿಗೆ ನಿಜವಾಗಿ ಶಾಕ್ ಹೊಡೆಯುತ್ತಿದೆ ಅಂತ ನಂಬಿದ 40 ಜನರಲ್ಲಿ 26 ಮಂದಿ ಕೊನೆಯ 450 ವೋಲ್ಟ್‌ವರೆಗೆ ಹೋದರು. ಅವರು ಬೆವರುತ್ತಿದ್ದರು, ನಡುಗುತ್ತಿದ್ದರು, ನಿಲ್ಲಿಸೋಣ ಅನ್ನುತ್ತಿದ್ದರು. ಆಗೆಲ್ಲ ಪ್ರಯೋಗ ನಡೆಸುವವನು ಮುಂದುವರಿಸಿ ಅನ್ನುತ್ತಿದ್ದ. ಹುಡುಗರಿಗೆ ಕೈದಿ, ಕಾವಲುಗಾರ ಅಂತ ಪಾತ್ರ ಕೊಟ್ಟು ನಡೆಸಿದ 1971ರ ಸ್ಟ್ಯಾನ್‌ಫೋರ್ಡ್ ಜೈಲು ಪ್ರಯೋಗ ಎರಡು ವಾರ ನಡೆಯಬೇಕಿತ್ತು, ಆರು ದಿನಕ್ಕೆ ನಿಂತಿತು. ಅದೂ ಹೊರಗಿನಿಂದ ನೋಡಲು ಬಂದ ಕ್ರಿಸ್ಟಿನಾ ಮಾಸ್ಲಾಕ್ ಗಟ್ಟಿಯಾಗಿ ಆಕ್ಷೇಪಿಸಿದ ಮೇಲೆ. ನಡೆಸುತ್ತಿದ್ದ ಜಿಂಬಾರ್ಡೊ ತಾವೇ ಜೈಲಿನ ಮೇಲ್ವಿಚಾರಕನ ಪಾತ್ರದಲ್ಲಿ ಮುಳುಗಿಹೋಗಿದ್ದರು.

ಹಾಗಾಗಿ ನಿಲ್ಲಿಸುವ ಅಧಿಕಾರ ಇರುವ ಒಬ್ಬರನ್ನು ನಿಮ್ಮ ತಂಡದ ಹೊರಗೆ ಇಟ್ಟುಕೊಳ್ಳಿ. ಯಾರಾದರೂ ಅತ್ತರೆ, ಕೈ ನಡುಗಿದರೆ, ಸುಮ್ಮನೆ ಪೆನ್ನು ಕೆಳಗಿಟ್ಟು ಕೂತರೆ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು, ಎಲ್ಲ ಬರೆದಿಡಿ. ಸಹಾಯಕರಿಗೆ ಬಾಯಿಪಾಠ ಮಾಡಿಸಿ. ಭಯ, ದುಃಖ, ದೌರ್ಜನ್ಯದ ಬಗ್ಗೆ ಕೇಳುವ ಪ್ರಶ್ನೆಗಳಿದ್ದರೆ ಆಪ್ತ ಸಮಾಲೋಚಕರ ವ್ಯವಸ್ಥೆ ಆಗದೆ ಶುರು ಮಾಡಬೇಡಿ. ಏನನ್ನಾದರೂ ಮುಚ್ಚಿಟ್ಟು ಮಾಡುವ ಪ್ರಯೋಗವಾದರೆ ಮುಗಿದ ತಕ್ಷಣ ಎಲ್ಲ ಬಿಚ್ಚಿ ಹೇಳಿ, ಆಗಲೂ ‘ನನ್ನ ಡೇಟಾ ತೆಗೆದುಹಾಕಿ’ ಅನ್ನುವ ಅವಕಾಶ ಕೊಡಿ.

ಹೆಜ್ಜೆ 10: ಪೈಲಟ್

ಎಂಟು ಹತ್ತು ಜನರೊಂದಿಗೆ ಪೂರ್ತಿ ಒಂದು ಸಲ ಮಾಡಿ ನೋಡಿ. ಕಾಗದದ ಮೇಲೆ ಕಾಣದ್ದೆಲ್ಲ ಅಲ್ಲಿ ಕಾಣುತ್ತದೆ. ಪಾಠ ಪಿಯುಸಿಯಲ್ಲಿ ಓದಿದ್ದೇ ಆಗಿರಬಹುದು. ನಾಲ್ಕೂವರೆಗೆ ಊರಿನ ಕಡೆ ಬಸ್ಸಿದ್ದರೆ ನಾಲ್ಕು ಗಂಟೆಯಿಂದಲೇ ಅರ್ಧ ಜನ ಗಡಿಯಾರ ನೋಡುತ್ತಾರೆ. ಅಂಥವರು ಒಂದು ಗುಂಪಿನಲ್ಲಿ ಜಾಸ್ತಿ ಇದ್ದರೆ ನಿಮ್ಮ ಫಲಿತಾಂಶ ಬಸ್ಸಿನದು, ಓದಿನದಲ್ಲ. ಪೈಲಟ್‌ನ ಅಂಕಗಳನ್ನು ಆಮೇಲೆ ಮುಖ್ಯ ಡೇಟಾಗೆ ಸೇರಿಸಬೇಡಿ.

ಹೆಜ್ಜೆ 11: ಲೆಕ್ಕ ಹೇಗೆ ಮಾಡುತ್ತೀರಿ ಅಂತ ಮೊದಲೇ ಬೀಗ ಹಾಕಿ

2015ರಲ್ಲಿ ಮನಶ್ಶಾಸ್ತ್ರದ 100 ಅಧ್ಯಯನಗಳನ್ನು ಬೇರೆಯವರು ಮತ್ತೆ ಮಾಡಿ ನೋಡಿದ ಫಲಿತಾಂಶ ಹೊರಬಂತು. ಮೂಲದಲ್ಲಿ ಶೇ 97ರಷ್ಟರಲ್ಲಿ ಪರಿಣಾಮ ಇದೆ ಅಂತ ಬಂದಿತ್ತು. ಮತ್ತೆ ಮಾಡಿದಾಗ ಶೇ 36ರಲ್ಲಿ ಮಾತ್ರ. ಇದಕ್ಕೆ ಕಾರಣ ಹಲವು. ಡೇಟಾ ಬಂದ ಮೇಲೆ ಲೆಕ್ಕವನ್ನು ಬೇಕಾದ ಹಾಗೆ ತಿರುಗಿಸುವುದು ಅವುಗಳಲ್ಲಿ ದೊಡ್ಡದು. ಪ್ರತಿ ಪರೀಕ್ಷೆಗೂ ಶೇ 5 ತಪ್ಪಿಗೆ ಅವಕಾಶ ಇಟ್ಟುಕೊಂಡು, ಏನೂ ಪರಿಣಾಮ ಇಲ್ಲದ ಕಡೆ 20 ಬೇರೆ ಬೇರೆ ಪರೀಕ್ಷೆ ಮಾಡಿದರೆ, ಒಂದಾದರೂ ‘ಪರಿಣಾಮ ಇದೆ’ ಅಂತ ತೋರಿಸುವ ಸಾಧ್ಯತೆ ಶೇ 64. ಹುಡುಗಿಯರಲ್ಲಿ ನೋಡೋಣ, ಹಾಸ್ಟೆಲಿನವರಲ್ಲಿ ನೋಡೋಣ, ಆ ಇಬ್ಬರನ್ನು ಬಿಟ್ಟು ನೋಡೋಣ ಅಂತ ಹುಡುಕುತ್ತಾ ಹೋದರೆ ಏನಾದರೂ ಸಿಕ್ಕೇ ಸಿಗುತ್ತದೆ.

ಡೇಟಾ ಮುಟ್ಟುವ ಮೊದಲೇ ಬರೆಯಿರಿ: ಮುಖ್ಯ ಅಳತೆ ಯಾವುದು, ಯಾವ ಪರೀಕ್ಷೆ, ಯಾರ ಹಾಳೆಯನ್ನು ಯಾವ ಕಾರಣಕ್ಕೆ ಬಿಡುತ್ತೀರಿ, ಎಷ್ಟು ಜನ ಆದ ಮೇಲೆ ನಿಲ್ಲಿಸುತ್ತೀರಿ. ಅದನ್ನು ಓಪನ್ ಸೈನ್ಸ್ ಫ್ರೇಮ್‌ವರ್ಕ್‌ನಲ್ಲಿ ಉಚಿತವಾಗಿ ನೋಂದಾಯಿಸಬಹುದು, ದಿನಾಂಕ ಬೀಳುತ್ತದೆ, ಆಮೇಲೆ ಬದಲಾಯಿಸಿದರೂ ಮೊದಲು ಬರೆದದ್ದು ಅಲ್ಲೇ ಉಳಿಯುತ್ತದೆ. ಆರೋಗ್ಯಕ್ಕೆ ಸಂಬಂಧಿಸಿದ ಟ್ರಯಲ್ ಆದರೆ 2007ರಲ್ಲಿ ಶುರುವಾದ ನಮ್ಮದೇ ಸಿಟಿಆರ್‌ಐ, ಅಂದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಇದೆ, ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ಅಲ್ಲಿ ನೋಂದಾಯಿಸಬೇಕು.

ವಾರದ ನಂತರ ಬಾರದವರನ್ನೂ ಎಣಿಸಿ. ‘ಬರೆ’ ಗುಂಪಿನಿಂದ ಇಪ್ಪತ್ತು ಜನ, ‘ಓದು’ ಗುಂಪಿನಿಂದ ಐದೇ ಜನ ಬಿಟ್ಟುಹೋದರೆ ಅದೇ ಒಂದು ಸುದ್ದಿ. ಬೇಸರಪಟ್ಟವರು ಹೋಗಿ ಉತ್ಸಾಹ ಇದ್ದವರು ಉಳಿದಿರಬಹುದು. ವರದಿಯಲ್ಲಿ ಪಿ ಮೌಲ್ಯ (ನಿಜವಾಗಿ ಪರಿಣಾಮ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಬರುವ ಸಾಧ್ಯತೆ) ಒಂದನ್ನೇ ಕೊಡಬೇಡಿ, ವ್ಯತ್ಯಾಸ ಎಷ್ಟು ಅಂಕ, ಆ ಅಂದಾಜು ಎಷ್ಟರಿಂದ ಎಷ್ಟರವರೆಗೆ ಇರಬಹುದು ಅಂತ ಬರೆಯಿರಿ. ವ್ಯತ್ಯಾಸ ಸಿಗದಿದ್ದರೂ ಬರೆಯಿರಿ. 152 ಜನ ಬಂದು ಕೂತದ್ದು ನಿಮ್ಮ ಊಹೆಯನ್ನು ಗೆಲ್ಲಿಸಲು ಅಲ್ಲವಲ್ಲ.

ಹೆಜ್ಜೆ 12: ಡೇಟಾ ಕಾಯುವುದು

ಹೆಸರು ಮತ್ತು ಕೋಡ್ ನಂಬರ್ ಇರುವ ಪಟ್ಟಿ ಒಂದು ಕಡೆ, ಉತ್ತರಗಳು ಇನ್ನೊಂದು ಕಡೆ, ಎರಡಕ್ಕೂ ಪಾಸ್‌ವರ್ಡ್. ಹಾಳೆಯ ಫೋಟೋ ತೆಗೆದು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುವುದನ್ನು ಇವತ್ತೇ ನಿಲ್ಲಿಸಿ. ಜಾತಿ, ಆದಾಯ, ಮುಟ್ಟು, ಕಾಯಿಲೆ ಇವನ್ನೆಲ್ಲ ‘ಇರಲಿ’ ಅಂತ ಕೇಳಬೇಡಿ, ನಿಮ್ಮ ಪ್ರಶ್ನೆಗೆ ಬೇಕಿದ್ದರೆ ಮಾತ್ರ. ಹೆಸರು ತೆಗೆದರೆ ಸಾಕು ಅಂತಲೂ ಅಂದುಕೊಳ್ಳಬೇಡಿ. ‘ಇಂಥ ತಾಲ್ಲೂಕು, ಬಿಎಸ್ಸಿ ಮೂರನೇ ವರ್ಷ, ಕಣ್ಣು ಕಾಣದ ವಿದ್ಯಾರ್ಥಿನಿ’ ಅಂತ ಬರೆದರೆ ಆ ಕಾಲೇಜಿನಲ್ಲಿ ಎಲ್ಲರಿಗೂ ಯಾರು ಅಂತ ಗೊತ್ತು.

ಹೆಜ್ಜೆ 13: ವಾಪಸ್ ಹೋಗಿ ಹೇಳಿ

ಡೇಟಾ ತೆಗೆದುಕೊಂಡು ಹೋದವರು ಮತ್ತೆ ಮುಖ ತೋರಿಸಿದ್ದನ್ನು ನಮ್ಮ ಶಾಲೆಗಳು, ಊರುಗಳು ಬಹಳ ಕಡಿಮೆ ನೋಡಿವೆ. ವಾರದ ಪರೀಕ್ಷೆ ಮುಗಿದ ದಿನವೇ ಎರಡೂ ಗುಂಪಿಗೂ ಎರಡೂ ವಿಧಾನ ತೋರಿಸಿ, ಹೋಲಿಕೆ ಗುಂಪಿನವರು ಬರಿಗೈಯಲ್ಲಿ ಹೋಗಬಾರದು. ಲೆಕ್ಕ ಮುಗಿದ ಮೇಲೆ ಒಂದೇ ಹಾಳೆಯಲ್ಲಿ, ಕನ್ನಡದಲ್ಲಿ, ಏನು ಕೇಳಿದೆವು, ಏನು ಸಿಕ್ಕಿತು, ಏನು ಇನ್ನೂ ಗೊತ್ತಿಲ್ಲ ಅಂತ ಬರೆದು ಕಾಲೇಜಿನ ನೋಟಿಸ್ ಬೋರ್ಡಿಗೆ ಹಾಕಿ. ಸಾಧ್ಯವಾದರೆ ಅರ್ಧ ಗಂಟೆ ಕೂತು ಅವರ ಪ್ರಶ್ನೆಗಳನ್ನು ಕೇಳಿಸಿಕೊಳ್ಳಿ. ‘ಆ ಪಾಠ ಓದುವಾಗ ಫ್ಯಾನ್ ಸದ್ದು ಜಾಸ್ತಿ ಇತ್ತು ಸಾರ್’, ‘ಎರಡನೇ ಪ್ಯಾರಾ ನಮಗೆ ಅರ್ಥವೇ ಆಗಲಿಲ್ಲ ಮೇಡಂ’ ಅಂತ ಅವರು ಹೇಳುವುದನ್ನು ಬರೆದುಕೊಳ್ಳಿ. ಅದು ನಿಮ್ಮ ಮುಂದಿನ ಪ್ರಯೋಗದ ಹೆಜ್ಜೆ ಐದಕ್ಕೂ ಹತ್ತಕ್ಕೂ ಬೇಕಾಗುತ್ತದೆ.